ಹಲ್ಲು ನೋಡಿ ಕೊಳ್ಳುವವಳು

ನಮ್ಮ ತೈವಾನಿನಲ್ಲಿ ಏರಿದರೆ ಕೆಂಪು, ಇಳಿದರೆ ಹಸಿರು.
ಇವತ್ತು ಗೋಡೆಯಗಲದ ಬೋರ್ಡಿನ ತುಂಬ
ನಾಟಿ ಮುಗಿಸಿದ ಗದ್ದೆಯ ಹಾಗೆ ಹಸಿರು.
ಇಂಥ ಹಸಿರಿಗೆ ಯಾರ ಕಣ್ಣೂ ತಣಿಯುವುದಿಲ್ಲ.

ಮುಂದಿನ ಸಾಲಿನ ನಿವೃತ್ತ ಮೇಷ್ಟ್ರು
ಫ್ಲಾಸ್ಕಿನ ಮುಚ್ಚಳ ತೆಗೆದು, ಕುಡಿಯದೆ, ಮತ್ತೆ ಮುಚ್ಚಿದರು.
ಮೀನಂಗಡಿಯ ಕುವೊ ಎದ್ದು ಹೋಗಿ
ಹೊರಗೆ ಸ್ಕೂಟರಿನ ಮೇಲೆ ಕೂತಿದ್ದಾನೆ, ಕೀಲಿ ತಿರುಗಿಸದೆ.
ಎರಡನೇ ಕೌಂಟರಿನಲ್ಲಿ ನಾನು.
ಮಾರಿ, ಎಲ್ಲ ಮಾರಿ ಎಂಬ ಚೀಟಿಗಳು
ಮೊಣಕೈ ಮಟ್ಟಕ್ಕೆ ಬಂದಿವೆ.

ಹತ್ತೂವರೆಗೆ ಬಂದಳು ಶ್ಯಾವ್ ಶ್ಯೂ-ದ್ವಾನ್.
ವಯಸ್ಸು ಎಪ್ಪತ್ತಮೂರು; ಅದರಲ್ಲಿ ಮೂವತ್ತೊಂದು ಜಿಪ್ಪಿನ ಕಾರ್ಖಾನೆಗೆ.
ಸೊಪ್ಪಿನ ಚೀಲ ಕಾಲ ಬಳಿ ಇಟ್ಟು
"ಓದು ಮಗಾ" ಅಂದಳು, "ಸಣ್ಣಕ್ಷರ ನನಗೆ ಕಾಣದು."

ಅಧ್ಯಕ್ಷರ ನಗುಮುಖದ ಪುಟ ಬೇಡ ಅವಳಿಗೆ.
ಬರುವ ವರ್ಷದ ಕನಸೂ ಬೇಡ.
ಸಾಲ ಎಷ್ಟು, ಯಾವಾಗ ತೀರಿಸಬೇಕು?
ಗಲ್ಲಾದಲ್ಲಿ ನಗದು ಎಷ್ಟು?
ಸಾರ್ಸ್ ಬಂದ ವರ್ಷ ಡಿವಿಡೆಂಡು ಕೊಟ್ಟರೋ?
ಕೊಟ್ಟದ್ದು ದುಡಿದೋ, ಕಡ ತಂದೋ?
ನಾನು ಓದುತ್ತೇನೆ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ
ಅವಳ ಪೆನ್ಸಿಲ್ಲು ಗೀಟು ಎಳೆಯುತ್ತದೆ, ಹೆಚ್ಚಿನವು ಅಡ್ಡಗೀಟು.

ಅರ್ಧಕ್ಕಿಳಿದ ಒಂದು ಹೆಸರು ತೋರಿಸಿದೆ. "ಅಗ್ಗ ಅಲ್ಲವಾ?"
"ಅಗ್ಗವೇ. ನಮ್ಮಪ್ಪ ಕೋಣ ಕೊಳ್ಳುವಾಗ
ಬೆಲೆ ಕೇಳುವ ಮೊದಲು ತುಟಿ ಎತ್ತಿ ಹಲ್ಲು ನೋಡುತ್ತಿದ್ದ."

ಆಮೇಲೆ ಸ್ವಲ್ಪ ಬಾಗಿ, ಗುಟ್ಟು ಹೇಳುವವಳಂತೆ:
"ಸಂಜೆ ಕಸದ ಲಾರಿ ಹಾಡುತ್ತ ಬರುತ್ತದಲ್ಲ,
ಕೇರಿಯೆಲ್ಲ ಚೀಲ ಹಿಡಿದು ನಿಂತಿರುತ್ತದಲ್ಲ, ಆಗ ನೋಡು.
ಹೋದ ತಿಂಗಳಿಂದ ಕೇಕಿನ ಡಬ್ಬಿ ಇಲ್ಲ,
ಹೊಸ ಟೀವಿಯ ರಟ್ಟಿಲ್ಲ.
ಸೋಯಾ ಸಾಸಿನ ಬಾಟಲಿ ಮಾತ್ರ ಎಂದಿನಷ್ಟೇ.
ಮುದುಕರ ಡಯಾಪರು ಒಂದೆರಡು ಜಾಸ್ತಿ.
ಲಾರಿ ಒಂದು ದಿನವೂ ತಪ್ಪಿಸಿಲ್ಲ.
ಆ ಕಸ ಸುಡುವ ಕಂಪನಿ ಯಾವುದು, ಹುಡುಕು."

ನಾನು ನಕ್ಕೆ. ಅವಳು ನಗಲಿಲ್ಲ.
"ಕಾರ್ಖಾನೆಯಲ್ಲಿ ಒಂದೊಂದು ಮಾದರಿಯನ್ನೂ
ಐನೂರು ಸಲ ಎಳೆಯುತ್ತಿದ್ದೆವು.
ಹೊಳಪು ಯಾರಿಗೆ ಬೇಕು?
ಐನೂರನೇ ಎಳೆತಕ್ಕೂ ಹಲ್ಲಿಗೆ ಹಲ್ಲು ಕೂತರೆ ಸರಿ.
ಈಗ ಪೇಟೆ ಎಳೀತಾ ಇದೆ. ಹೆದರೋದ್ಯಾಕೆ,
ಯಾವುದರ ಹಲ್ಲು ಸರಿಯುತ್ತೆ ಅಂತ ನೋಡಬೇಕು, ಅಷ್ಟೆ."

ಕೊನೆಯದೊಂದರ ಹೆಸರು ಬಾಯಲ್ಲಿ ಹೇಳಲಿಲ್ಲ,
ನಾಲ್ಕಂಕಿಯ ಸಂಖ್ಯೆ ಬರೆದು ನನ್ನತ್ತ ತಳ್ಳಿದಳು.
ಅವಳದೇ ಕಾರ್ಖಾನೆ.
ವರ್ಷ ವರ್ಷ ಬೋನಸ್ಸಿನ ಬದಲು ಬಂದ ಶೇರು, ಹನ್ನೊಂದು ಸಾವಿರ.
ಓದಿದೆ: ನಗದಿನ ಮೂರರಷ್ಟು ಸಾಲ, ಮಾರ್ಚಿಗೆ ಗಡುವು.
ಹಿಂದಿನ ಎರಡೂ ಡಿವಿಡೆಂಡು ಬ್ಯಾಂಕಿನ ದುಡ್ಡು.
ಕೊನೆಯ ಸಾಲು ನುಂಗಲು ನೋಡಿದೆ.
"ಹೂಂ, ಅದನ್ನೂ ಓದು."

ಗಡಿಯಾರದ ಮುಳ್ಳು ಎಷ್ಟು ಸುತ್ತಿತೋ.
ಬೇರೆಯವರಿಗೆ ಹಾಕಿದಂಥದೇ ಅಡ್ಡಗೀಟು ಹಾಕಿದಳು,
ಅದೇ ಉದ್ದ, ಅದೇ ಒತ್ತು.
ಸಹಿಯ ಮೊಹರು ತೆಗೆಯಲು ಪರ್ಸು ಹಿಡಿದಳು:
ಬಟ್ಟೆ ಮೂರು ಕಡೆ ಹೊಲಿದದ್ದು,
ಹಿತ್ತಾಳೆಯ ಜಿಪ್ಪು ಮಾತ್ರ
ಒಂದೇ ಎಳೆತಕ್ಕೆ ಬೆಣ್ಣೆಯ ಹಾಗೆ ಬಿಚ್ಚಿಕೊಂಡಿತು.
"ಮಾಲು ಒಳ್ಳೇದೇ ಮಾಡ್ತಿದ್ದೆವು" ಅಂದಳು,
ನನಗಲ್ಲ.

ಹನ್ನೊಂದೂ ಹೋಯಿತು. ಸಾಸು ಎರಡು ಸಾವಿರ, ಕಸ ಒಂದು ಸಾವಿರ,
ಮಿಕ್ಕಿದ್ದು ನಗದಾಗಿಯೇ ಇರಲಿ ಅಂದಳು,
ಎಳೆತ ಇನ್ನೂ ಮುಗಿದಿಲ್ಲವಂತೆ.
ಅವಳು ಕೊಂಡ ಐದೇ ನಿಮಿಷಕ್ಕೆ ಸಾಸೂ ತುಸು ಹಸಿರಾಯಿತು.
ಹೇಳಲೋ ಬೇಡವೋ ಎಂದು ನಾನು ತಲೆಯೆತ್ತುವಷ್ಟರಲ್ಲಿ
ಸೊಪ್ಪು ಬಾಡುತ್ತದೆಂದು ಚೀಲ ಎತ್ತಿಕೊಂಡು
ಬಾಗಿಲಾಚೆ ಇಳಿದಿದ್ದಳು.