ಅಂಚು

ಗಣಪತಿ ಗಲ್ಲಿಯ ಅಂಗಡಿಯಲ್ಲಿ ಕರೆಂಟ್ ಹೋಯಿತು.
ಆಂಪ್ಲಿಫೈಯರ್ ಕೆಂಪು ಕಣ್ಣು ಮುಚ್ಚಿತು. ಹುಡುಗ ಸಾರಿ ಅಂದ.
ಒಳ್ಳೇದಾತು ಬಿಡು, ಅಂದೆ ನಾನು,
ಸುಳ್ಳು ಹೇಳಾಕ ಈಗ ಇದಕ್ಕ ಬಾಯಿಲ್ಲ.

ಮೂವತ್ತು ವರ್ಷ ಹಾರ್ಮೋನಿಯಂ ಸ್ವರ ಕೆರೆದವನು.
ಇಂಡೋನೇಷಿಯಾದ ಪೆಟ್ಟಿಗೆ ಬಂದಾಗೆಲ್ಲ
ಮಾಲೀಕನಿಗೆ ನನ್ನ ಕಿವಿಯೇ ತೂಕದ ಕಲ್ಲು.
ಬಣ್ಣ ಬೆಲ್ಲದ ಪಾಕ, ಸುತ್ತಲೂ ಸೀದ ಕಪ್ಪು.
ಬಿರಡೆ ತುಸು ಸಡಿಲ, ಕುತ್ತಿಗೆ ನೆಟ್ಟಗೆ.
ಹನ್ನೊಂದೂವರೆ ಸಾವಿರಕ್ಕೆ ಮೋಸವಿಲ್ಲ.

ವೃಷಾಲಿ ಅದರ ಹೆಗಲಿಗೆ ಕಿವಿ ಒತ್ತಿ
ಒಂದೇ ತಂತಿ ಮೀಟಿದಳು,
ದನಿ ಆರುವವರೆಗೆ ಉಸಿರು ಬಿಡಲಿಲ್ಲ.

ಅವಳಪ್ಪ ವಡಗಾವಿಯ ನೇಕಾರ, ಸದಾಶಿವ ಢಗೆ,
ಸಂಗೀತದ ಗೊಡವೆ ಇಲ್ಲದವನು,
ಹೆಬ್ಬೆರಳನ್ನು ಕುತ್ತಿಗೆಯ ಗುಂಟ ಎಳೆದ
ಸೀರೆಯ ಅಂಚು ನೋಡುವಂತೆ.
ಏಳನೆಯ ಫ್ರೆಟ್ಟಿನಲ್ಲಿ ನಿಂತ.
"ಇಲ್ಲಿ ಎಳಿ ಎದ್ದೈತಿ ನೋಡ್ರಿ."

ಎದ್ದಿತ್ತು.
ನನ್ನ ಕಿವಿಗೆ ಸಿಗದ ಕೂದಲಷ್ಟು ಲೋಹ.

ಅರ ತೆಗೆದೆ. ಮೊಬೈಲ್ ಬೆಳಕಲ್ಲಿ ಉಜ್ಜುವಾಗ ಕೇಳಿದ:
"ಇದನ್ನ ಮಾಡಿದವ್ರಿಗೆ ಪೀಸಿಗೆ ಎಷ್ಟು ಕೂಲಿ?"
ಗೊತ್ತಿಲ್ಲ ಅಂದೆ.
ತಲೆಯ ಹಿಂದೊಂದು ಚೀಟಿ: ಪರೀಕ್ಷಿಸಿದವರು, ನಲವತ್ತೊಂದು.
ಹೆಸರಿಲ್ಲ.
ಕೀಳಲು ಹೋದ ಹುಡುಗನ ಕೈ ಹಿಡಿದ ಢಗೆ.
"ಇರ್ಲಿ ಬಿಡಪಾ. ಯಾರೋ ಕಣ್ಣಿಟ್ಟು ನೋಡ್ಯಾರ."

ರೊಕ್ಕ ಎಣಿಸಿದ. ಗಿಟಾರಿಗೆ ಚೌಕಾಸಿ ಮಾಡಲಿಲ್ಲ;
ಅದರ ಚೀಲಕ್ಕೆ ಮಾತ್ರ ಅರ್ಧ ತಾಸು ಜಗಳಾಡಿ
ನೂರಾ ಐವತ್ತು ಇಳಿಸಿದ.
ಕರೆಂಟ್ ಇನ್ನೂ ಬಂದಿರಲಿಲ್ಲ.