ಎರಡು ಬಿದಿರು

ಪಾವಗಡದಿಂದ ಮಧುಗಿರಿಗೆ ಹೋಗಬೇಕೆಂದರೆ
ನಡುವೆ ಒಂದಿಷ್ಟು ಆಂಧ್ರ ದಾಟಬೇಕು.
ಹೇಳಿದರೆ ಹೊರಗಿನವರು ನಗುತ್ತಾರೆ.
ಆ ಏಪ್ರಿಲ್‌ನಲ್ಲಿ ಯಾರೂ ನಗಲಿಲ್ಲ.

ನಮ್ಮ ಬಿದಿರು ಇಲ್ಲಿ, ಅವರದು ಹೊಂಗೆಮರದಾಚೆ,
ನಡುವೆ ಕೂಗಳತೆ ದೂರ.
ಸಮಾಜ ವಿಜ್ಞಾನದ ಮೇಷ್ಟ್ರಾದ ನನ್ನ ಕೈಗೆ
ಜ್ವರ ಅಳೆಯುವ ಪಿಸ್ತೂಲು ಕೊಟ್ಟಿದ್ದರು.
ಆ ಕಡೆ ಓಬುಲೇಸು. ಅವನಿಗೂ ಒಂದು.

ಹುಣಸೆಹಣ್ಣಿನ ಟೆಂಪೊ ಬಾಬಯ್ಯನ ಹಣೆ
ನನ್ನ ಲೆಕ್ಕದಲ್ಲಿ ತೊಂಬತ್ತಾರು,
ಕೂಗಳತೆ ಸಾಗುವಷ್ಟರಲ್ಲಿ ತೊಂಬತ್ತೊಂಬತ್ತೂವರೆ.
"ನಿಮ್ಮ ಸರ್ಕಾರದಲ್ಲಿ ಚೆನ್ನಾಗಿದ್ದೀನಿ ಸಾರ್,
ಅವರದ್ರಲ್ಲಿ ಕಾಯಿಲೆ" ಎಂದು
ಎರಡು ಬಿದಿರಿನ ನಡುವೆ, ಯಾರದೂ ಅಲ್ಲದ ಡಾಂಬರಿನ ಮೇಲೆ
ಟವೆಲು ಹಾಸಿ ಮಲಗಿದ.

ರಾತ್ರಿ ಫೋನಿನಲ್ಲಿ ದೇಶದೇಶಗಳ ಸುದ್ದಿ:
ಒಂದು ಕಡೆ ಬಾಗಿಲಿಗೆ ಮೊಳೆ ಹೊಡೆದರಂತೆ,
ಒಂದು ಕಡೆ ಹೋಟೆಲು ತೆರೆದೇ ಇತ್ತಂತೆ,
ಯಾವುದೋ ದ್ವೀಪ ಹಡಗುಗಳಿಗೆ ಬೆನ್ನು ತಿರುಗಿಸಿತಂತೆ.
"ರೋಗ ಒಂದೇ ಅಲ್ವಾ ಸಾರ್," ಬಾಬಯ್ಯ ಕೇಳಿದ,
"ಬುದ್ಧಿ ಯಾಕೆ ಅಷ್ಟೊಂದು ಥರ?"

ಹತ್ತನೇ ಕ್ಲಾಸಿಗೆ ಭೂಪಟ ತೋರಿಸುವ ಕೈ
ಗಾಳಿಯಲ್ಲೇ ನಿಂತಿತು.
ಗಡಿಗೆರೆ ಗೊತ್ತು, ರಾಜಧಾನಿ ಗೊತ್ತು.
ಯಾವ ದೇಶದ ಅಜ್ಜಿ ಏನನ್ನು ನೆನಪಿಟ್ಟುಕೊಂಡಿದ್ದಾಳೆಂದು
ಯಾವ ಬಣ್ಣ ಬಳಿದು ತೋರಿಸಲಿ?

ನಮ್ಮ ಬೀದಿಯ ಅಕ್ಕಲಮ್ಮ, ಲಾಕ್‌ಡೌನ್ ಅನ್ನುವ ಮೊದಲೇ
ಹೊಲದಲ್ಲಿ ಈಚಲಗರಿಯ ಗುಡಿಸಲು ಹಾಕಿಸಿದ್ದಳು,
"ಇಲಿ ಬಿದ್ದ ವರ್ಷ ನಮ್ಮವ್ವ ಬದುಕಿದ್ದು ಹಿಂಗೇ" ಎಂದು.
ಕೊನೆಮನೆಯ ಚೌಡಪ್ಪ ಜಗುಲಿ ಬಿಟ್ಟು ಏಳಲಿಲ್ಲ:
"ಸರ್ಕಾರ ಹೇಳಿದ್ದು ಯಾವುದು ನಿಜವಾಗಿದೆ, ಇದೊಂದು ನಂಬೋಕೆ?"
ಗುಡ್ಡದಲ್ಲಿ ಜಲ್ಲಿ ಒಡೆಯುವ ಹುಸೇನಮ್ಮ ಏನೂ ಅನ್ನಲಿಲ್ಲ.
ಹಾಕಿಕೊಳ್ಳೋಕೆ ಅವಳಿಗೆ ಬಾಗಿಲೇ ಇರಲಿಲ್ಲ.
ಹಳೇ ಸೀರೆಯೊಂದನ್ನು ಇಳಿಬಿಟ್ಟಿದ್ದಳು,
ಗಾಳಿ ಬಂದಾಗ ಅದೂ ಒಳಗೆ ಬರುತ್ತಿತ್ತು.

ಇದನ್ನೆಲ್ಲ ಬಾಬಯ್ಯನಿಗೆ ಹೇಳಲಿಲ್ಲ.
"ಮಲಕ್ಕೊಳಪ್ಪಾ" ಅಂದೆ.

ಬೆಳಗಿನ ಜಾವ ಓಬುಲೇಸು ಬಂದ. ಫ್ಲಾಸ್ಕಿನಲ್ಲಿ ಟೀ,
ಬಾಯಲ್ಲಿ ತೆಲುಗು ಬೈಗುಳ, ಎರಡೂ ಬಿಸಿ.
ಒಂದು ಮಾರು ದೂರ ಕೂತು ಕುಡಿದೆವು.
ಆಮೇಲೆ ಅವನ ಪಿಸ್ತೂಲು ನನ್ನ ಹಣೆಗೆ,
ನನ್ನದು ಅವನ ಹಣೆಗೆ.
ಬಂದ ಅಂಕಿಗಳನ್ನು ಇಬ್ಬರೂ
ರಿಜಿಸ್ಟರಿಗೆ ಬರೆಯಲಿಲ್ಲ.

ಬಾಬಯ್ಯ ಎದ್ದು ಹಣೆ ಮುಟ್ಟಿಕೊಂಡ, ಹಿಂಗೈಯಿಂದ,
ಅವನವ್ವ ನೋಡುತ್ತಿದ್ದ ಹಾಗೆ.
"ಏನಿಲ್ಲ" ಅಂದ. ಟೆಂಪೊ ಹತ್ತಿದ.
ಬಿದಿರು ಎತ್ತಿದೆವು.
ಮೊದಲು ಯಾರು ಎತ್ತಿದ್ದೆಂದು ನೆನಪಿಲ್ಲ.