ಹಳೆಯ ಬಾಗಿಲು, ಒಂದು

ಎಂಟುನೂರು ದಿನಾರ್, ಒಂದು ವರ್ಷ,
ಪಿಎಚ್‌ಡಿ ಮುಗಿದು ಐದು ವರ್ಷ ದಾಟದವರಿಗೆ.
ಅರ್ಜಿ ಓದುವುದು ಸಮಿತಿಯ ಕೆಲಸ;
ರಸೀದಿ ಓದುವುದು ನನ್ನದು.

ರಿಹಾಮ್ ಇದ್ರಿಸಳ ಕಡತ.
ಗಂಬೂಟು ಎರಡು ಜೊತೆ. ಆಗಲಿ.
ಬಿದಿರು ಕಡ್ಡಿ ನಲವತ್ತು. ಆಗಲಿ.
ಹಳೆಯ ಬಾಗಿಲು, ಒಂದು, ಮೂರೂವರೆ ದಿನಾರ್.
ಇದೇನಮ್ಮ, ಎಂದು ಫೋನು ಮಾಡಿದೆ.
"ಮಲಗಲಿಕ್ಕೆ" ಎಂದಳು. "ಬಂದು ನೋಡಿ."

ಸುಲೈಬಿಖಾತಿನ ಕೊಲ್ಲಿ, ಇಳಿತದ ಹೊತ್ತು.
ನೀರು ಸರಿದು ಸರಿದು
ಎಣ್ಣೆ ಸವರಿದ ಕಾವಲಿಯ ಹಾಗೆ ಕೆಸರು.
ಕೆಸರ ಮೇಲೆ ಬಾಗಿಲು, ಬಾಗಿಲ ಮೇಲೆ ಬೋರಲು ಅವಳು,
ಹಿಡಿಕೆ ಕಿತ್ತ ತೂತಿನಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು.
ಬೆನ್ನ ಹಿಂದೆ ಜಹ್ರಾ ರಸ್ತೆಯ ಲಾರಿಗಳು.

ಮೀನು ನಡೆಯುತ್ತಿತ್ತು.
ಗಂಗೊಳ್ಳಿಯ ಬಂದರಿನಲ್ಲಿ ಹುಟ್ಟಿದವನಿಗೆ
ಮೀನೆಂದರೆ ಬುಟ್ಟಿ, ಐಸು, ದರ.
ಇದು ಈಜುರೆಕ್ಕೆ ಊರಿ
ಬಾಯ್ತುಂಬ ಕೆಸರು ಹೊತ್ತು ತಂದು
ತನ್ನ ಗುಂಡಿಯ ಸುತ್ತ ಉಗುಳಿ, ಮೆತ್ತಿ, ಮತ್ತೆ ಹೊರಟಿತು.
ಇಲ್ಲಿಯವರು ಬುಶಲಂಬೋ ಅನ್ನುತ್ತಾರೆ.
ಗೋಡೆಯ ಎತ್ತರ ನನ್ನ ಹೆಬ್ಬೆರಳಷ್ಟು.

"ಗೋಡೆ ಇದ್ದರೆ ನೆರೆಯವರ ಕಚ್ಚಾಟ ಕಡಿಮೆ, ನನ್ನ ಗುಮಾನಿ.
ಒಂದು ಕಡೆ ಒಡೆಯುತ್ತೇನೆ.
ಯಾರು ಮೊದಲು ಬರುತ್ತಾರೆ, ಜಗಳಕ್ಕೋ ರಿಪೇರಿಗೋ,
ಎಣಿಸುತ್ತೇನೆ. ಅಷ್ಟೇ."
ಪ್ರಯೋಜನ ಎಂಬ ಕಾಲಂನಲ್ಲಿ ಅವಳು
"ಇನ್ನೂ ಗೊತ್ತಿಲ್ಲ" ಎಂದು ಬರೆದಿದ್ದಳು.
ಹೇಗೆ ಪಾಸಾಯಿತೋ!

ಜಲೀಬಿನ ನಮ್ಮ ಕೋಣೆಯಲ್ಲಿ ಆರು ಮಂಚ.
ನನ್ನದಕ್ಕೂ ಸೆಲ್ವನದಕ್ಕೂ ನಡುವೆ
ಹಗ್ಗಕ್ಕೆ ಇಳಿಬಿಟ್ಟ ಹೂಚಿತ್ತಾರದ ಬೆಡ್‌ಶೀಟು.
ಹನ್ನೊಂದು ವರ್ಷದಿಂದ ಒಂದು ಮಾತು ಹೆಚ್ಚುಕಮ್ಮಿ ಆಗಿಲ್ಲ,
ಅದನ್ನು ಒಗೆಯಲು ತೆಗೆದ ದಿನಗಳ ಹೊರತು.

ಇದನ್ನು ಅವಳಿಗೆ ಹೇಳಲಿಲ್ಲ.
ಬಾಗಿಲಿನ ಮುಂದೆ "ಉಪಕರಣ" ಎಂದು ಬರೆದು
ಮುದ್ರೆ ಒತ್ತಿದೆ.

ಮಾರ್ಚಿಗೆ ವರ್ಷ ತುಂಬಿತು, ದುಡ್ಡು ಅದಕ್ಕೂ ಮೊದಲೇ.
ನಲವತ್ತು ಗೋಡೆ ಒಡೆಯಬೇಕಿತ್ತು, ಇಪ್ಪತ್ತಮೂರಾಗಿತ್ತು.
ವಿಸ್ತರಣೆಗೆ ಅವಕಾಶವಿಲ್ಲ ಎಂಬ ಕಾಗದ
ಟೈಪು ಮಾಡಿದ್ದೂ ನಾನೇ.
ಬೇರೆ ಎರಡು ಕಡೆ ಅರ್ಜಿ ಹಾಕಿದ್ದಾಳಂತೆ;
ಸದ್ಯ ಸಂಜೆ ಹೊತ್ತು ಮಕ್ಕಳಿಗೆ ಟ್ಯೂಷನ್.

ಬಾಗಿಲು ಸಂಸ್ಥೆಯ ಆಸ್ತಿ, ನಿಯಮ ಹದಿನಾಲ್ಕು.
ತೊಳೆಯದೆ ತಂದೊಪ್ಪಿಸಿದಳು.
ನನ್ನ ಮೇಜಿನ ಹಿಂದೆ ಗೋಡೆಗೆ ಒರಗಿದೆ,
ಕೆಸರು ಒಣಗಿ ಬಿರಿದು ಹಕ್ಕಳೆ ಹಕ್ಕಳೆ ಉದುರುತ್ತ.
ಹೊಸಬರು ಬಂದರೆ
ಆಚೆ ಇನ್ನೊಂದು ಕೋಣೆ ಇದೆಯೆಂದುಕೊಂಡು
ಹಿಡಿಕೆ ಹುಡುಕುತ್ತಾರೆ.